ಕನ್ನಡಕ್ಕೆ ಏಜೆಂಟ್ ಯಾಕಿಲ್ಲ, ಮತ್ತೆ ಇನ್ನೊಂದಿಷ್ಟು ಪ್ರಶ್ನೆ

ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಕಥಾಸಂಕಲನಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಬಂದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ವರಸೆಯೇ ಬದಲಾಗಿದೆ. ಮೊದಲೆಲ್ಲ ಕಥೆಗೆ ಹೆಸರು ಹೇಗಿಡೋದು ಅಂತ ಕೇಳುತ್ತಿದ್ದವರು ಈಗ ಸೀದಾ 'ಏಜೆಂಟ್ ನಂಬರ್ ಕೊಡಿ' ಅನ್ನುತ್ತಾರೆ. ಏಜೆಂಟ್ ಅಂದರೆ ಲೇಖಕರ ಪರವಾಗಿ ಪ್ರಕಾಶಕರ ಹತ್ತಿರ ವ್ಯವಹಾರ ಮಾತಾಡುವವರು. ಅಂಥ ಪತ್ರಗಳೇ ಒಂದು ಕಟ್ಟು ಆಗಿವೆ. ಈ ಸಲ ಅವಕ್ಕೇ ಉತ್ತರ.

ಮೇಡಂ, ನಾಲ್ಕು ವರ್ಷ ಕೂತು ಒಂದು ಕಾದಂಬರಿ ಮುಗಿಸಿದ್ದೇನೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಲಿಟರರಿ ಏಜೆಂಟ್ ಇರುತ್ತಾರಂತೆ. ಕನ್ನಡದ ಏಜೆಂಟ್‌ಗಳು ಎಲ್ಲಿ ಸಿಗುತ್ತಾರೆ?
ಹೈಸ್ಕೂಲ್ ಟೀಚರ್, ಶಿವಮೊಗ್ಗ

ಸಿಗೋದಿಲ್ಲ. ಕನ್ನಡದಲ್ಲಿ ಅದೊಂದು ಕಸುಬಾಗಿ ಬೆಳೆದೇ ಇಲ್ಲ. ಯಾಕೆ ಅಂತ ಒಂದು ಲೆಕ್ಕ ಹಾಕಿ ನೋಡೋಣ. ನಿಮ್ಮ ಕಾದಂಬರಿಗೆ 250 ರೂಪಾಯಿ ಬೆಲೆ ಇಟ್ಟು 1000 ಪ್ರತಿ ಅಚ್ಚು ಹಾಕಿದರು ಅಂದುಕೊಳ್ಳಿ. ರಾಯಲ್ಟಿ ಶೇಕಡಾ 10 ಅಂದರೆ ಒಂದು ಪ್ರತಿಗೆ 25 ರೂಪಾಯಿ, ಎಲ್ಲಾ ಪ್ರತಿ ಖರ್ಚಾದರೆ ನಿಮ್ಮ ಕೈಗೆ 25,000. ಏಜೆಂಟ್ ಇದರಲ್ಲಿ ಶೇಕಡಾ 15 ತೆಗೆದುಕೊಂಡರೆ ಅವರ ಪಾಲು 3,750 ರೂಪಾಯಿ. ಅಷ್ಟು ದುಡ್ಡಿಗೆ ಒಬ್ಬ ಮನುಷ್ಯ ನಿಮ್ಮ ಹಸ್ತಪ್ರತಿ ಓದಿ, ಎರಡು ಸಲ ತಿದ್ದಿಸಿ, ನಾಲ್ಕು ಪ್ರಕಾಶಕರ ಹತ್ತಿರ ಓಡಾಡಿ, ಅಗ್ರಿಮೆಂಟ್ ಮಾಡಿಸಿ, ಆಮೇಲೆ ಬೆಂಗಳೂರಿನಲ್ಲಿ ಬಾಡಿಗೆಯನ್ನೂ ಕಟ್ಟಬೇಕು. ಆಗೋ ಮಾತಾ? ಲಂಡನ್ನಿನಲ್ಲಿ 1870ರ ದಶಕದಲ್ಲಿ ಎ. ಪಿ. ವ್ಯಾಟ್ ಅನ್ನುವವರು ಈ ಕೆಲಸ ಶುರು ಮಾಡಿದಾಗ ಅವರು ತೆಗೆದುಕೊಳ್ಳುತ್ತಿದ್ದದ್ದು ಶೇಕಡಾ 10 ಮಾತ್ರ. ಆದರೆ ಅಲ್ಲಿ ಒಂದೇ ಕಾದಂಬರಿಯನ್ನು ಪತ್ರಿಕೆಗೆ ಧಾರಾವಾಹಿಯಾಗಿ, ಪುಸ್ತಕವಾಗಿ, ಅಮೆರಿಕಕ್ಕೆ ಬೇರೆಯಾಗಿ, ಹೀಗೆ ಮೂರು ನಾಲ್ಕು ಕಡೆ ಮಾರಬಹುದಿತ್ತು. ನಮ್ಮದು ಒಂದು ಭಾಷೆ, ಒಂದು ಮಾರುಕಟ್ಟೆ.

ಏಜೆಂಟ್ ಇಲ್ಲ ಅನ್ನುವುದು ಕೆಟ್ಟ ಸುದ್ದಿಯೇನಲ್ಲ. ಕನ್ನಡದ ಪ್ರಕಾಶಕರನ್ನು ನೀವೇ ನೇರವಾಗಿ ಮಾತಾಡಿಸಬಹುದು. ಎಷ್ಟೋ ಕಡೆ ಫೋನ್ ಎತ್ತುವವರೇ ಮಾಲೀಕರು! ಅವರು ಈಗಾಗಲೇ ಏನೇನು ತಂದಿದ್ದಾರೆ ನೋಡಿ, ನಿಮ್ಮ ಬರವಣಿಗೆ ಆ ಸಾಲಿಗೆ ಹೊಂದುತ್ತದಾ ಅಂತ ಯೋಚಿಸಿ, ಆಮೇಲೆ ಕಳಿಸಿ. ಕಥಾಸಂಕಲನ ಆಗಿದ್ದರೆ ಛಂದ ಪುಸ್ತಕ ಪ್ರಕಾಶನದವರ ಹಸ್ತಪ್ರತಿ ಸ್ಪರ್ಧೆ ಇದೆ, ಹೊಸಬರಿಗೆ ಅದು ಒಳ್ಳೆಯ ಬಾಗಿಲು. ಚಿಕ್ಕ ವಯಸ್ಸಿನವರಾದರೆ ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಏಜೆಂಟ್ ಮಾಡುವ ಕೆಲಸದಲ್ಲಿ ನೀವೇ ಕಲಿಯಲೇಬೇಕಾದದ್ದು ಒಂದಿದೆ. ಮುಂದಿನ ಪತ್ರ ಅದರದ್ದೇ.

ನನ್ನ ಮೊದಲ ಪುಸ್ತಕ ತರಲು ಒಬ್ಬ ಪ್ರಕಾಶಕರು ಒಪ್ಪಿದ್ದಾರೆ. ಅಗ್ರಿಮೆಂಟ್ ಕೇಳಿದರೆ 'ನಮ್ಮಲ್ಲಿ ಎಲ್ಲಾ ನಂಬಿಕೆ ಮೇಲೆ' ಅಂದರು. ಜಾಸ್ತಿ ಕೇಳಿದರೆ ಪುಸ್ತಕವೇ ಕೈಬಿಟ್ಟಾರು ಅಂತ ಹೆದರಿಕೆ.
ಓದುಗ, ಗದಗ

ಇದೇ ಹೆದರಿಕೆ ನನಗೂ ಇತ್ತು. ನನ್ನ ಮೊದಲ ಸಂಕಲನಕ್ಕೆ ಒಂದು ತುಂಡು ಕಾಗದವೂ ಇರಲಿಲ್ಲ. ಪ್ರಕಾಶಕರ ಮನೆಯಲ್ಲಿ ಕಾಫಿ ಕುಡಿದು, 25 ಪ್ರತಿ ಚೀಲದಲ್ಲಿ ಹಾಕಿಕೊಂಡು ಖುಷಿಯಾಗಿ ಬಸ್ ಹತ್ತಿದ್ದೆ. ಆರು ವರ್ಷ ಆದ ಮೇಲೆ ಒಬ್ಬರು ತೆಲುಗಿಗೆ ಅನುವಾದ ಮಾಡುತ್ತೇನೆ ಅಂತ ಬಂದರು. ಅಷ್ಟರಲ್ಲಿ ಪುಸ್ತಕದ ಪ್ರತಿ ಎಲ್ಲೂ ಸಿಗುತ್ತಿರಲಿಲ್ಲ, ಮರುಮುದ್ರಣದ ಮಾತೂ ಇರಲಿಲ್ಲ, ಆದರೆ ಅನುವಾದ ಅಂದ ತಕ್ಷಣ ಪ್ರಕಾಶಕರು 'ಹಕ್ಕೆಲ್ಲ ನಮ್ಮದು' ಅಂದುಬಿಟ್ಟರು. ನಾನು ಸುಮ್ನೆ ಒಪ್ಪಿಕೊಂಡೆ. ಅನುವಾದಕರೂ ಬೇಸತ್ತು ಹೋದರು. ಆ ಕೆಲಸ ಅಲ್ಲಿಗೇ ನಿಂತಿತು.

ಕಾನೂನು ಓದಿದ್ದು ಆಮೇಲೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ಬರೆದುಕೊಡುವುದು ಕಾಗದದ ಮೇಲೆ ಇರಬೇಕು, ಕೊಡುವವರ ಸಹಿಯೂ ಇರಬೇಕು. ನಾನು ಸಹಿಯನ್ನೇ ಹಾಕಿರಲಿಲ್ಲ, ಅಂದರೆ ಅನುವಾದದ ಹಕ್ಕು ಮೊದಲಿಂದ ಕೊನೆತನಕ ನನ್ನ ಹತ್ತಿರವೇ ಇತ್ತು! ಸಹಿ ಹಾಕಿದ ಕರಾರಿನಲ್ಲೂ ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲದಿದ್ದರೆ ಅದು 5 ವರ್ಷಕ್ಕೆ ಅಂತಲೇ ಲೆಕ್ಕ. ಯಾವ ಪ್ರದೇಶಕ್ಕೆ ಅಂತ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ತೆಗೆದುಕೊಂಡ ಹಕ್ಕನ್ನು ಒಂದು ವರ್ಷದೊಳಗೆ ಬಳಸದೆ ಹೋದರೆ, ಕರಾರಿನಲ್ಲಿ ಬೇರೆ ಥರ ಬರೆದಿರದಿದ್ದರೆ, ಅದು ಬಿದ್ದುಹೋಗುತ್ತದೆ. ಹಕ್ಕು ಅನ್ನುವುದು ಸಣ್ಣ ಆಸ್ತಿಯಲ್ಲ ನೋಡಿ, ನೀವು ಇರುವಷ್ಟು ಕಾಲ ಮತ್ತು ಆಮೇಲೆ 60 ವರ್ಷ ನಿಮ್ಮ ಮಕ್ಕಳು ಮೊಮ್ಮಕ್ಕಳ ತನಕ ಬರುವಂಥದ್ದು.

ಹಾಗಾಗಿ ಕೇಳಿ, ಜಗಳದ ದನಿಯಲ್ಲಿ ಬೇಡ. 'ಸರ್, ನನ್ನ ನೆನಪಿಗೆ ಇರಲಿ ಅಂತ ಒಂದು ಪುಟದಲ್ಲಿ ಬರೆದುಕೊಂಡು ಬಂದಿದ್ದೇನೆ, ನೋಡಿ' ಅಂತ ನೀವೇ ಕಾಗದ ಮುಂದಿಡಿ. ಎಷ್ಟು ಪ್ರತಿ, ಎಷ್ಟು ರಾಯಲ್ಟಿ, ಲೆಕ್ಕ ಯಾವಾಗ, ಎಷ್ಟು ವರ್ಷಕ್ಕೆ. ಅನುವಾದ, ಆಡಿಯೋ, ಇ-ಬುಕ್, ಸಿನಿಮಾ ಇವೆಲ್ಲ ಲೇಖಕರಿಗೇ ಅಂತ ಒಂದು ಸಾಲು. ಅಷ್ಟೇ. ಒಳ್ಳೆಯ ಪ್ರಕಾಶಕರು ಇದಕ್ಕೆ ಬೇಜಾರು ಮಾಡಿಕೊಳ್ಳೋದಿಲ್ಲ. ಬೇಜಾರು ಮಾಡಿಕೊಂಡರೆ ಅದೂ ಒಂದು ಉತ್ತರ ಅಲ್ವಾ?

'ಹಾರ್ಟ್ ಲ್ಯಾಂಪ್' ಥರ ನನ್ನ ಕಥೆಗಳೂ ಹೊರಗೆ ಹೋಗಬೇಕು. ದೆಹಲಿಯ ಏಜೆಂಟ್ ಒಬ್ಬರಿಗೆ ನನ್ನ ಕನ್ನಡ ಪುಸ್ತಕ ಕೊರಿಯರ್ ಮಾಡಿದೆ. ಉತ್ತರವೇ ಇಲ್ಲ.
ಕಥೆಗಾರ, ಹಾಸನ

ಅವರಿಗೆ ಕನ್ನಡ ಓದಲು ಬರದಿದ್ದರೆ ಏನಂತ ಉತ್ತರ ಬರೆಯುತ್ತಾರೆ ಸರ್?

ಆ ಪುಸ್ತಕ ಹೋದ ದಾರಿ ನೋಡಿ. ಬಾನು ಮುಷ್ತಾಕ್ ಅವರು 1990ರಿಂದ 2023ರವರೆಗೆ ಬರೆದ ಕಥೆಗಳಲ್ಲಿ 12ನ್ನು ಆರಿಸಿ ಇಂಗ್ಲಿಷಿಗೆ ತಂದವರು ಮಡಿಕೇರಿಯ ದೀಪಾ ಭಾಸ್ತಿ. ಆಯ್ಕೆಯೂ ಅವರದ್ದೇ. ಇಂಗ್ಲಿಷ್ ಪೆನ್ ಸಂಸ್ಥೆಯ ಅನುವಾದ ನೆರವು ಸಿಕ್ಕಿತು, ಆಂಡ್ ಅದರ್ ಸ್ಟೋರೀಸ್ ಅನ್ನುವ ಬ್ರಿಟನ್ನಿನ ಚಿಕ್ಕ ಪ್ರಕಾಶನ ಪುಸ್ತಕ ತಂದಿತು. ಮೇ 2025ರಲ್ಲಿ ಬಹುಮಾನ ಬಂದಾಗ 50,000 ಪೌಂಡನ್ನು ಲೇಖಕಿಗೂ ಅನುವಾದಕಿಗೂ ಸರಿಸಮ ಹಂಚಿದರು. ಈ ಸರಿಸಮ ಅನ್ನುವುದು ಬಹುಮಾನದ ನಿಯಮ, ಯಾರದೋ ದೊಡ್ಡ ಮನಸ್ಸಲ್ಲ. ಅದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಕನ್ನಡದ ಬರಹಗಾರರಿಗೆ ಮೊದಲು ಬೇಕಾದವರು ಅನುವಾದಕರು. ಏಜೆಂಟ್ ಆಮೇಲಿನ ಮಾತು.

ನಿಮ್ಮ ಕಥೆಯನ್ನು ಪ್ರೀತಿಯಿಂದ ಓದಿದ, ಇಂಗ್ಲಿಷನ್ನು ಮನೆಭಾಷೆಯಷ್ಟೇ ಸಲೀಸಾಗಿ ಬರೆಯುವ ಒಬ್ಬರನ್ನು ಹುಡುಕಿ. ಎರಡು ಕಥೆ ಸಾಕು, ಇಡೀ ಪುಸ್ತಕ ಬೇಡ. ಅವನ್ನು ಇಂಗ್ಲಿಷ್ ಸಾಹಿತ್ಯ ಪತ್ರಿಕೆಗಳಿಗೆ ಕಳಿಸಿ. ಅಲ್ಲಿ ಬಂದರೆ ಅದನ್ನೇ ಮುಂದಿಟ್ಟುಕೊಂಡು ಏಜೆಂಟ್ ಹತ್ತಿರ ಹೋಗಬಹುದು. ಭಾರತದಲ್ಲಿ ಕೆಲವು ಒಳ್ಳೆಯ ಸಂಸ್ಥೆಗಳಿವೆ: ಜೈಪುರದ ಸಿಯಾಹಿ, ಬೆಂಗಳೂರಿನಲ್ಲಿ ಶುರುವಾದ ಜಕರಾಂಡ, ದೆಹಲಿ ಕಡೆಯ ರೈಟರ್ಸ್ ಸೈಡ್, ಎ ಸೂಟಬಲ್ ಏಜೆನ್ಸಿ. ಯಾರಿಗೆ ಏನು ಬೇಕು, ಹೇಗೆ ಕಳಿಸಬೇಕು ಅಂತ ಅವರವರ ವೆಬ್‌ಸೈಟಿನಲ್ಲೇ ಬರೆದಿರುತ್ತಾರೆ, ಅದನ್ನು ಓದಿ ಹಾಗೇ ಮಾಡಿ. ಅನುವಾದಕರ ಜೊತೆ ಮೊದಲೇ ಒಂದು ಕಾಗದ ಮಾಡಿಕೊಳ್ಳಿ. ಸ್ನೇಹಿತರಾದರೂ ಸರಿ, ಸ್ನೇಹಿತರಾದರೆ ಇನ್ನೂ ಮುಖ್ಯ.

ನಾನಿರುವುದು ನ್ಯೂಜೆರ್ಸಿಯಲ್ಲಿ, ಕೆಲಸ ಸಾಫ್ಟ್‌ವೇರ್. ತೀರ್ಥಹಳ್ಳಿಯ ಅಜ್ಜಿಮನೆ ಬಗ್ಗೆ ಇಂಗ್ಲಿಷಿನಲ್ಲಿ ಕಾದಂಬರಿ ಬರೆದಿದ್ದೇನೆ. ಇಲ್ಲಿನ ಒಂದು ರೈಟಿಂಗ್ ಕಾನ್ಫರೆನ್ಸಿಗೆ ದುಡ್ಡು ಕಟ್ಟಿದ್ದೇನೆ, ಏಜೆಂಟ್‌ಗಳ ಜೊತೆ ಕೆಲವು ನಿಮಿಷ ಮಾತಾಡಲು ಟೈಮ್ ಕೊಡುತ್ತಾರಂತೆ. ಹೇಗೆ ತಯಾರಾಗಲಿ?

ನಿಮಗಂತೂ ಏಜೆಂಟ್ ಬೇಕೇ ಬೇಕು. ಅಮೆರಿಕದ ದೊಡ್ಡ ಪ್ರಕಾಶಕರು ಏಜೆಂಟ್ ಮೂಲಕ ಬರದ ಕಾದಂಬರಿಯನ್ನು ಸಾಮಾನ್ಯವಾಗಿ ನೋಡುವುದೇ ಇಲ್ಲ. ಅಲ್ಲಿ ಏಜೆಂಟ್ ಪಾಲು ದೇಶದೊಳಗಿನ ಮಾರಾಟಕ್ಕೆ ಶೇಕಡಾ 15, ಹೊರದೇಶದ ಹಕ್ಕಿಗೆ ಶೇಕಡಾ 20 ಅನ್ನುವುದು ವಾಡಿಕೆ.

ಮೊದಲು ಒಂದು ಮಾತು. ಆ ಕೆಲವು ನಿಮಿಷಕ್ಕೆ ನೀವು ದುಡ್ಡು ಕೊಟ್ಟಿದ್ದೀರಿ ನಿಜ, ಆದರೆ ಕೊಂಡಿರೋದು ನಿಮಿಷಗಳನ್ನು ಮಾತ್ರ. ಎಷ್ಟೋ ಏಜೆಂಟ್‌ಗಳು ಎದುರಿಗೆ ಕೂತವರಿಗೆ ಇಲ್ಲ ಅನ್ನಲಾರದೆ 'ಕಳಿಸಿ, ನೋಡೋಣ' ಅನ್ನುತ್ತಾರೆ. ಮದುವೆ ಮನೆಯಲ್ಲಿ 'ಒಂದ್ಸಲ ಮನೆಗೆ ಬನ್ನಿ' ಅಂದ ಹಾಗೆ ಅದು. ಹಾಗಂತ ಸುಮ್ಮನೆ ಬಿಡಬೇಡಿ, ಕಳಿಸಿ. ಮೇಲ್‌ನ ವಿಷಯದ ಜಾಗದಲ್ಲಿ ಕಾನ್ಫರೆನ್ಸಿನ ಹೆಸರು ಹಾಕಿ, ಕೇಳಿದ್ದಷ್ಟೇ ಪುಟ ಕಳಿಸಿ. ಕಾದಂಬರಿ ಪೂರ್ತಿ ಮುಗಿದಿರಬೇಕು, ಅರ್ಧ ಬರೆದದ್ದನ್ನು ಹಿಡಿದುಕೊಂಡು ಹೋಗಬೇಡಿ. 80,000ದಿಂದ 1,00,000 ಪದದೊಳಗೆ ಇದ್ದರೆ ಮೊದಲ ಕಾದಂಬರಿಗೆ ಅನುಕೂಲ. ನಮ್ಮವರು ಅಜ್ಜಿಮನೆ ಅಂದರೆ ಎರಡು ಲಕ್ಷ ಪದ ಬರೆಯುತ್ತಾರೆ, ಅದಕ್ಕೆ ಹೇಳಿದೆ.

ಹೇಳುವುದನ್ನು ಎರಡೇ ವಾಕ್ಯದಲ್ಲಿ ಇಟ್ಟುಕೊಳ್ಳಿ. 'ಇದು ವಲಸೆ, ನೆನಪು ಮತ್ತು ಬೇರುಗಳ ಕಥೆ' ಅನ್ನಬೇಡಿ, ಪ್ಲೀಸ್. ಯಾರು, ಅವರಿಗೆ ಏನು ಬೇಕು, ಯಾವುದು ಅಡ್ಡ ಬಂತು. ಉದಾಹರಣೆಗೆ 'ಸತ್ತುಹೋದ ಅಜ್ಜಿಯ ತೋಟ ಮಾರಲು ಮೊಮ್ಮಗಳು ಊರಿಗೆ ಬರುತ್ತಾಳೆ, ಪಹಣಿಯಲ್ಲಿ ಅಜ್ಜಿಯ ಹೆಸರಿನ ಜೊತೆ ಯಾರಿಗೂ ಗೊತ್ತಿಲ್ಲದ ಇನ್ನೊಂದು ಹೆಸರಿರುತ್ತದೆ.' ಇಷ್ಟು ಹೇಳಿ ನಿಲ್ಲಿಸಿ. ಆ ಹೆಸರು ಯಾರದ್ದು ಅಂತ ಅವರೇ ಕೇಳಿದರೆ ನೀವು ಗೆದ್ದಿರಿ. ಕೇಳದಿದ್ದರೆ ಉಳಿದ ನಿಮಿಷದಲ್ಲಿ ವಿವರಿಸಿ ಪ್ರಯೋಜನ ಇಲ್ಲ, ಬದಲಿಗೆ 'ಎಲ್ಲಿ ನಿಮಗೆ ಆಸಕ್ತಿ ಬಿಟ್ಟುಹೋಯಿತು?' ಅಂತ ಕೇಳಿ. ಆ ಉತ್ತರ ಮನೆಯಲ್ಲಿ ಕೂತರೆ ಎಷ್ಟು ದುಡ್ಡು ಕೊಟ್ಟರೂ ಸಿಗೋದಿಲ್ಲ. ಕಳೆದ ನಾಲ್ಕೈದು ವರ್ಷದಲ್ಲಿ ಬಂದ ಎರಡು ಪುಸ್ತಕಗಳ ಹೆಸರು ತಲೆಯಲ್ಲಿರಲಿ, ಯಾವುದರ ಪಕ್ಕ ನಿಮ್ಮದನ್ನು ಇಡಬಹುದು ಅಂತ ಅವರು ಕೇಳೇ ಕೇಳುತ್ತಾರೆ.

ಇಂಥ ಕಾನ್ಫರೆನ್ಸುಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೊದಲ ಪುಟ ಓದುವ ಗೋಷ್ಠಿ. ಹೆಸರಿಲ್ಲದ ಹಸ್ತಪ್ರತಿಗಳ ಮೊದಲ ಪುಟವನ್ನು ಒಬ್ಬರು ಜೋರಾಗಿ ಓದುತ್ತಾ ಹೋಗುತ್ತಾರೆ. ವೇದಿಕೆ ಮೇಲೆ ಮೂರು ನಾಲ್ಕು ಏಜೆಂಟ್‌ಗಳು. ಆಫೀಸಿನಲ್ಲಾಗಿದ್ದರೆ ಎಲ್ಲಿ ಓದು ನಿಲ್ಲಿಸುತ್ತಿದ್ದರೋ ಆ ಸಾಲಿಗೆ ಕೈ ಎತ್ತಬೇಕು. ನಾನು ಕೂತಿದ್ದಾಗ ಒಂದು ಪುಟ ಶುರುವಾಗಿದ್ದು ಅಲಾರಾಂ ಸದ್ದಿನಿಂದ. ಎರಡನೇ ಸಾಲಿಗೆ ಮೂರು ಕೈ ಮೇಲೆ. ಇನ್ನೊಂದು ಮಳೆಯಿಂದ, ಆಮೇಲೊಂದು ಕನಸಿನಿಂದ. ಕೈಗಳು ಹಾಗೇ ಏಳುತ್ತಿದ್ದವು. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು ನೋಟ್‌ಬುಕ್ ತೆಗೆದು ತನ್ನದೇ ಮೊದಲ ಪ್ಯಾರಾ ಹೊಡೆದು ಹಾಕಿದರು. ನಾನೂ ಮೆತ್ತಗೆ ನನ್ನದನ್ನು ನೋಡಿಕೊಂಡೆ. ಮುಂಗಾರು ಮಳೆ! ನಿಮ್ಮ ಕಾನ್ಫರೆನ್ಸಿನಲ್ಲಿ ಈ ಗೋಷ್ಠಿ ಇದ್ದರೆ ಉಳಿದದ್ದು ತಪ್ಪಿಸಿಕೊಂಡರೂ ಇದನ್ನು ತಪ್ಪಿಸಬೇಡಿ.

ಎಲ್ಲಾ ಕಾನ್ಫರೆನ್ಸೂ ಒಂದೇ ಅಲ್ಲ ಅನ್ನುವುದೂ ಗೊತ್ತಿರಲಿ. ವರ್ಮಾಂಟಿನ ಬ್ರೆಡ್ ಲೋಫ್ 1926ರಿಂದ ನಡೆಯುತ್ತಿದೆ, ಅರ್ಜಿ ಹಾಕಿ ಆಯ್ಕೆ ಆಗಬೇಕು, ಅಲ್ಲಿ ಕಲಿಕೆಯೇ ಮುಖ್ಯ. ಬರಹಗಾರರ, ಬರವಣಿಗೆ ಕಲಿಸುವವರ ಸಂಘವಾದ ಎ.ಡಬ್ಲ್ಯು.ಪಿ. ನಡೆಸುವುದು ದೊಡ್ಡ ಜಾತ್ರೆ, ವರ್ಷವೂ ಊರು ಬದಲಾಗುತ್ತದೆ. ಸಣ್ಣ ಪ್ರಕಾಶಕರನ್ನೂ ಸಾಹಿತ್ಯ ಪತ್ರಿಕೆಗಳನ್ನೂ ನೋಡಲು ಅಲ್ಲಿಗೆ ಹೋಗಿ. ಫ್ರಾಂಕ್‌ಫರ್ಟ್, ಲಂಡನ್ ಪುಸ್ತಕ ಮೇಳಗಳು ಹಕ್ಕುಗಳ ಸಂತೆ. ಏಜೆಂಟ್‌ಗಳು ಅಲ್ಲಿ ಅರ್ಧರ್ಧ ಗಂಟೆಗೊಂದು ಮೀಟಿಂಗ್ ಇಟ್ಟುಕೊಂಡು ಪ್ರಕಾಶಕರಿಗೆ ಮಾರುತ್ತಿರುತ್ತಾರೆ. ಹೊಸ ಲೇಖಕರು ಅಲ್ಲಿ ಹಸ್ತಪ್ರತಿ ಹಿಡಿದು ಹೋದರೆ ಎಪಿಎಂಸಿ ಯಾರ್ಡಿಗೆ ಒಂದು ಕೆಜಿ ಟೊಮ್ಯಾಟೊ ಮಾರಲು ಹೋದ ಹಾಗೆ.

ನಮ್ಮ ಬೆಂಗಳೂರು ಸಾಹಿತ್ಯ ಉತ್ಸವ, ಧಾರವಾಡದ ಸಾಹಿತ್ಯ ಸಂಭ್ರಮ, ಕನ್ನಡ ಸಾಹಿತ್ಯ ಸಮ್ಮೇಳನ ಇವುಗಳಿಂದ ಹೊಸ ಬರಹಗಾರರಿಗೆ ನಿಜಕ್ಕೂ ಉಪಯೋಗ ಇದೆಯಾ ಅಕ್ಕಾ? ನಾನು ಹೋದಾಗೆಲ್ಲ ಸೆಲ್ಫಿ ತೆಗೆದುಕೊಂಡು ವಾಪಸ್ ಬಂದಿದ್ದೇನೆ.
ಪಿಜಿ ವಿದ್ಯಾರ್ಥಿ, ಹುಬ್ಬಳ್ಳಿ

ಸೆಲ್ಫಿ ತಪ್ಪಲ್ಲ ಬಿಡಿ. ನಾನು ಮಾಡಿದ್ದು ಅದಕ್ಕಿಂತ ದೊಡ್ಡ ಅವಾಂತರ. ಬೆಂಗಳೂರಿನ ಒಂದು ಉತ್ಸವಕ್ಕೆ 380 ಪುಟದ ಹಸ್ತಪ್ರತಿಯನ್ನು ಸ್ಪೈರಲ್ ಬೈಂಡ್ ಮಾಡಿಸಿ, ಜೋಳಿಗೆಯಲ್ಲಿ ಹೊತ್ತು ಹೋಗಿದ್ದೆ. ದೊಡ್ಡ ಪ್ರಕಾಶನದ ಸಂಪಾದಕಿಯೊಬ್ಬರು ಊಟದ ಸಾಲಿನಲ್ಲಿ ಕಂಡರು. ಒಂದು ಕೈಯಲ್ಲಿ ಮೊಸರನ್ನದ ತಟ್ಟೆ, ಇನ್ನೊಂದರಲ್ಲಿ ನೀರಿನ ಬಾಟಲಿ. ನಾನು ಹಸ್ತಪ್ರತಿ ಮುಂದೆ ಹಿಡಿದೆ. ಅವರು ಸುತ್ತ ನೋಡಿದರು, ಬಾಟಲಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಪಾಪ ತೆಗೆದುಕೊಂಡೂ ತೆಗೆದುಕೊಂಡರು. ಸಂಜೆ ಹೊರಡುವಾಗ ನೋಡುತ್ತೇನೆ, ಕೈ ತೊಳೆಯುವ ಜಾಗದ ಪಕ್ಕದ ಮೇಜಿನ ಮೇಲೆ ನನ್ನ ಕಾದಂಬರಿ, ಅದರ ಮೇಲೆ ಯಾರೋ ಇಟ್ಟ ಎರಡು ಖಾಲಿ ಕಪ್. ಅವರ ಮೇಲೆ ಆಗ ಸಿಟ್ಟು ಬಂದಿತ್ತು. ಈಗ ನನ್ನ ಮೇಲೇ ನಗು ಬರುತ್ತದೆ.

2012ರಲ್ಲಿ ಶುರುವಾದ ಬೆಂಗಳೂರು ಸಾಹಿತ್ಯ ಉತ್ಸವದಲ್ಲಿ ಲಿಟ್ ಮಾರ್ಟ್ ಅಂತಲೇ ಒಂದು ವಿಭಾಗ ಇದೆ, ಹೊಸ ಲೇಖಕರು ಪ್ರಕಾಶಕರ, ಏಜೆಂಟ್‌ಗಳ ಮುಂದೆ ತಮ್ಮ ಪುಸ್ತಕದ ಬಗ್ಗೆ ಹೇಳಿಕೊಳ್ಳುವ ಅವಕಾಶ. ಮೊದಲೇ ಅರ್ಜಿ ಹಾಕಿರಬೇಕು. ಅರ್ಜಿ ಹಾಕಿ ಹೋಗುವುದಕ್ಕೂ ಊಟದ ಸಾಲಿನಲ್ಲಿ ಹಿಡಿಯುವುದಕ್ಕೂ ಎಷ್ಟು ವ್ಯತ್ಯಾಸ ಅಂತ ನನ್ನನ್ನು ಕೇಳಿ.

ಸಮ್ಮೇಳನದ್ದು ಬೇರೆ ಲೆಕ್ಕ. 1915ರಿಂದ ನಡೆಯುತ್ತಿರುವ ಅದರಲ್ಲಿ ಮುಖ್ಯ ವೇದಿಕೆಯ ಭಾಷಣಕ್ಕಿಂತ ಪುಸ್ತಕ ಮಳಿಗೆಗಳ ಸಾಲು ನಿಮಗೆ ಜಾಸ್ತಿ ಉಪಯೋಗ. ಪ್ರಕಾಶಕರು ಖುದ್ದು ಕೂತಿರುತ್ತಾರೆ. ಮೊದಲ ದಿನ ಮೆರವಣಿಗೆಯ ಗಲಾಟೆ, ಕೊನೆಯ ದಿನ ಪುಸ್ತಕ ಕಟ್ಟುವ ಅವಸರ. ಎರಡನೇ ದಿನ ಬೆಳಿಗ್ಗೆ ತಿಂಡಿ ಹೊತ್ತಿಗೆ, ಜನ ಸೇರುವ ಮೊದಲು ಹೋಗಿ. ಒಂದು ಪುಸ್ತಕ ಕೊಳ್ಳಿ, ಅದರ ಬಗ್ಗೆ ಮಾತಾಡಿ. ಈ ವರ್ಷ ಏನು ಓಡಿತು, ಏನು ಓಡಲಿಲ್ಲ ಅಂತ ಕೇಳಿದರೆ ಅವರು ಬಾಯಿ ಬಿಟ್ಟು ಹೇಳುತ್ತಾರೆ. ನಿಮ್ಮ ಹಸ್ತಪ್ರತಿ ವಿಷಯ ಆ ದಿನ ಎತ್ತಲೇಬೇಡಿ. ವಾರ ಬಿಟ್ಟು ಫೋನ್ ಮಾಡಿ 'ಸಮ್ಮೇಳನದಲ್ಲಿ ಮಾತಾಡಿದ್ವಲ್ಲ ಸರ್' ಅನ್ನಿ.

ಧಾರವಾಡ ನಿಮಗೆ ಪಕ್ಕದ್ದೇ. ಸಂಭ್ರಮ ನಡೆದಾಗ ಅಲ್ಲಿ ಗೋಷ್ಠಿ ಗಂಭೀರವಾಗಿರುತ್ತದೆ, ಕೂತು ಕೇಳಿ. ಬರವಣಿಗೆಗಿಂತ ಮೊದಲು ಓದುವುದು, ನೋಡುವುದು ಕಲಿಯಬೇಕು ಅನ್ನಿಸಿದರೆ ಹೆಗ್ಗೋಡಿನಲ್ಲಿ ನೀನಾಸಂ ನಡೆಸುವ ಶಿಬಿರಕ್ಕೆ ಒಮ್ಮೆ ಹೋಗಿಬನ್ನಿ.

ಒಬ್ಬ ಅಮೆರಿಕನ್ ಏಜೆಂಟ್ ಮೇಲ್ ಮಾಡಿ, ನನ್ನ ಪುಸ್ತಕ ತುಂಬಾ ಹಿಡಿಸಿತು, ದೊಡ್ಡ ಪ್ರಕಾಶಕರಿಗೆ ಕೊಡಿಸುತ್ತೇನೆ, ಮೊದಲು 400 ಡಾಲರ್ ಓದುವ ಫೀಸು ಕಳಿಸಿ ಅಂದಿದ್ದಾರೆ. ಕಳಿಸಲಾ?
ನಿವೃತ್ತ ಬ್ಯಾಂಕ್ ನೌಕರ, ಮೈಸೂರು

ಬೇಡ. ಬ್ಯಾಂಕಿನಲ್ಲಿ ಇದ್ದವರು ನೀವೇ ಹೀಗೆ ಕೇಳಿದರೆ ಹೇಗೆ ಸರ್! ನಿಜವಾದ ಏಜೆಂಟ್‌ಗೆ ದುಡ್ಡು ಬರೋದು ನಿಮ್ಮ ಪುಸ್ತಕ ಮಾರಾಟವಾದ ಮೇಲೆ. ಓದಲು ಫೀಸು ಕೇಳುವುದನ್ನು ಅಮೆರಿಕದ ಏಜೆಂಟ್‌ಗಳ ಸಂಘವೇ ತನ್ನ ಸದಸ್ಯರಿಗೆ ನಿಷೇಧಿಸಿದೆ. ಈಗಂತೂ ಹೆಸರುವಾಸಿ ಏಜೆಂಟ್‌ಗಳ ಹೆಸರನ್ನೇ ಕದ್ದು ಮೇಲ್ ಮಾಡುತ್ತಾರೆ. ಮೇಲ್ ವಿಳಾಸವನ್ನು ಆ ಸಂಸ್ಥೆಯ ವೆಬ್‌ಸೈಟಿನ ವಿಳಾಸದ ಜೊತೆ ಅಕ್ಷರ ಅಕ್ಷರ ಹೋಲಿಸಿ ನೋಡಿ. ರೈಟರ್ ಬಿವೇರ್ ಅನ್ನುವ ತಾಣದಲ್ಲಿ ಇಂಥವರ ಕಥೆಗಳು ರಾಶಿ ಇವೆ. ಹಾಗೇ ಇನ್ನೊಂದು: ಪುಸ್ತಕದ ಗುರುತಿನ ಸಂಖ್ಯೆ, ಅಂದರೆ ಐಎಸ್‌ಬಿಎನ್ ಕೊಡಿಸಲು ಇಷ್ಟು ಸಾವಿರ ಅಂತ ಯಾರಾದರೂ ಕೇಳಿದರೆ ನಕ್ಕುಬಿಡಿ. ಭಾರತದಲ್ಲಿ ಅದನ್ನು ಸರ್ಕಾರದ ರಾಜಾ ರಾಮಮೋಹನ್ ರಾಯ್ ಏಜೆನ್ಸಿ ಪುಕ್ಕಟೆಯಾಗಿ ಕೊಡುತ್ತದೆ.

ಇಬ್ಬರು ಏಜೆಂಟ್ ನನ್ನ ಕಾದಂಬರಿ ಬೇಡ ಅಂದರು. ಒಬ್ಬರು ಕಥೆ ನಿಧಾನ ಅಂದರು, ಇನ್ನೊಬ್ಬರು ವೇಗ ಜಾಸ್ತಿ ಅಂದರು. ಯಾರ ಮಾತು ಕೇಳಲಿ?

ಸದ್ಯಕ್ಕೆ ಇಬ್ಬರದ್ದೂ ಬೇಡ. ಮೂರು ಜನ ಒಂದೇ ಪುಟದ ಮೇಲೆ ಬೆರಳಿಟ್ಟರೆ ಆ ಪುಟ ತೆಗೆದು ನೋಡಿ.

ನನಗೆ ಗುರುತಿಲ್ಲದವರ ಹತ್ತಿರ ಮಾತಾಡಲು ಆಗೋದೇ ಇಲ್ಲ. ನನ್ನಂಥವಳು ಇಂಥ ಕಡೆ ಹೋಗಿ ಏನು ಮಾಡಲಿ?
ಓದುಗಿ, ಕುಂದಾಪುರ

ವೇದಿಕೆ ಮೇಲೆ ಇರುವವರನ್ನು ಮಾತಾಡಿಸುವುದು ಬೇಡ. ಪಕ್ಕದ ಕುರ್ಚಿಯವರನ್ನು ಮಾತಾಡಿಸಿ, ಅವರೂ ನಿಮ್ಮಷ್ಟೇ ಹೆದರಿ ಕೂತಿರುತ್ತಾರೆ. ನನಗೆ ಉತ್ಸವಗಳಿಂದ ಏಜೆಂಟ್ ಸಿಗಲಿಲ್ಲ, ಪ್ರಕಾಶಕರೂ ಸಿಗಲಿಲ್ಲ. ಒಂದು ಸಲ ಧಾರವಾಡದಲ್ಲಿ ಪಕ್ಕ ಕೂತಿದ್ದವರು ಪೆನ್ನು ಕೇಳಿದರು. ಅವರೂ ಕಥೆ ಬರೆಯುತ್ತಿದ್ದರು. ಮಿರ್ಚಿ ತಿನ್ನುತ್ತಾ ನೋಟ್‌ಬುಕ್ ಬದಲಾಯಿಸಿಕೊಂಡೆವು. ಆವತ್ತಿನಿಂದ ನಾನು ಏನು ಬರೆದರೂ ಮೊದಲು ಹೋಗುವುದು ಅವರಿಗೆ, ಅವರದ್ದು ನನಗೆ. ಮೊನ್ನೆ ನನ್ನ ಹೊಸ ಕಾದಂಬರಿಯ ಹಸ್ತಪ್ರತಿ ವಾಪಸ್ ಕಳಿಸಿದ್ದಾರೆ, 40ನೇ ಪುಟದಲ್ಲಿ ಕೆಂಪು ಶಾಯಿಯಲ್ಲಿ 'ಇಲ್ಲಿಂದ ಶುರು ಮಾಡು' ಅಂತ ಬರೆದು. ಎರಡು ದಿನದಿಂದ ಅದು ಮೇಜಿನ ಮೇಲೇ ಇದೆ, ನಾನು ಇನ್ನೂ ಮುಟ್ಟಿಲ್ಲ.